ಮನೆಯೊಳಗಣ ಲವಣಾಬ್ಧಿ

ಕುಂಭದಲ್ಲಿ ಜನಿಸಿದ ಅಗಸ್ತ್ಯಮಹರ್ಷಿಗಳು ಸಮುದ್ರವನ್ನು ಅಂಗೈಯಲ್ಲಿ ಹಿಡಿದು ಆಪೋಶನ ಮಾಡಿದ ಕಥೆ ಸರ್ವವಿದಿತವಾದುದು. ಸಮುದ್ರವನ್ನು ಕುಂಭದಲ್ಲಿ ಹಿಡಿದಿಡಲು ಹೊರಟವರ ಕಥೆ ಅಷ್ಟು ಪ್ರಸಿದ್ಧವಲ್ಲ. ಆ ಪರಂಪರೆಯಾದರೂ ಬಹಳ ಪ್ರಾಚೀನವಾದುದಲ್ಲ; ನೂರೆಂಬತ್ತು ವರ್ಷಗಳಿಂದೀಚೆಗೆ ಹುಟ್ಟಿದುದು. ಅದರ ಪಂಕ್ತಿಯ ತೀರ ಕೊನೆಯ ಎಲೆಯಲ್ಲಿ, ಕುಮಟೆಯ ಸಮೀಪದ ಒಂದು ಹಳ್ಳಿಯಲ್ಲಿ, ಸಂಸ್ಕೃತವನ್ನು ಕಲಿಸಿ ನಿವೃತ್ತನಾದ ನಾನೂ ಈಗ ಕುಳಿತಿದ್ದೇನೆ. ನಮ್ಮ ಮನೆಯ ಜಗುಲಿಯಲ್ಲಿ ಮೂರಡಿ ಉದ್ದದ, ಒಂದೂಕಾಲಡಿ ಅಗಲ ಎತ್ತರಗಳ ಗಾಜಿನ ತೊಟ್ಟಿಯೊಂದಿದೆ. ಅದರಲ್ಲಿ ಸುಮಾರು ೧೧೦ ಲೀಟರಿನಷ್ಟು ಅರಬ್ಬೀ ಸಮುದ್ರವಿದೆ. ಈ ವಿಷಯವಾಗಿ ನಾಲ್ಕು ಮಾತು ಬರೆಯಬೇಕೆಂದು ಸಂಘದ ಮಿತ್ರರು ಒತ್ತಾಯಿಸಿದುದರಿಂದ ಲೇಖನಿಯನ್ನು ಹಿಡಿದಿದ್ದೇನೆ.

ನನಗೆ ಈ ಹುಚ್ಚು ಹಿಡಿದುದು ಮೀನಿನಿಂದಲ್ಲ, ಒಂದು ಶಬ್ದದಿಂದ. ಪಾಠಶಾಲೆಯಲ್ಲಿ ಅಮರಕೋಶವನ್ನು ಕಂಠಪಾಠ ಮಾಡುತ್ತಿದ್ದ ಕಾಲದಲ್ಲಿ ಹವಳಕ್ಕೆ ವಿದ್ರುಮವೆಂದೂ ಪ್ರವಾಲವೆಂದೂ ಎರಡು ಹೆಸರುಗಳನ್ನು ಕಲಿತೆವು. ದ್ರುಮವೆಂದರೆ ಮರ, ಪ್ರವಾಲವೆಂದರೆ ಚಿಗುರು. ರತ್ನಗಳ ನಡುವೆ ಎಣಿಸಲ್ಪಟ್ಟ ವಸ್ತುವಿಗೆ ಮರಗಿಡಗಳ ಹೆಸರೇಕೆ ಎಂದು ಗುರುಗಳನ್ನು ಕೇಳುವ ಧೈರ್ಯ ಆಗ ನನಗಿರಲಿಲ್ಲ. ಕಲ್ಲೋ, ಗಿಡವೋ, ಪ್ರಾಣಿಯೋ ಎಂಬ ಈ ಸಂಶಯ ನಮ್ಮ ಕೋಶಕಾರರಿಗೆ ಮಾತ್ರ ಇದ್ದುದಲ್ಲ. ಯುರೋಪಿನಲ್ಲಿ ೧೭೦೬ರಲ್ಲಿ ಮಾರ್ಸಿಲಿ ಎಂಬ ಇಟಲಿಯ ಶ್ರೀಮಂತನು ಕೆಂಪು ಹವಳದ ಕೊಂಬೆಯನ್ನು ಸಮುದ್ರದ ನೀರಿನಲ್ಲಿಟ್ಟು ನೋಡಿ, ಅದರ ಮೇಲೆ ಎಂಟೆಂಟು ಎಸಳುಗಳ ಬಿಳಿಯ ಹೂಗಳು ಅರಳಿದುವೆಂದು ವರದಿ ಮಾಡಿದನು. ಹವಳವು ಗಿಡವೆಂಬುದು ಅಲ್ಲಿಗೆ ಸಿದ್ಧವಾದಂತಾಯಿತು. ಮುಂದೆ ಹದಿನೈದಿಪ್ಪತ್ತು ವರ್ಷಗಳಲ್ಲಿ ಮಾರ್ಸೇಯ್ ಪಟ್ಟಣದ ವೈದ್ಯನಾದ ಪೇಸೊನೆಲ್ ಎಂಬವನು ನೀರು ತುಂಬಿದ ಪಾತ್ರೆಯಲ್ಲಿ ಅದೇ ಹವಳವನ್ನಿಟ್ಟು, ಆ ಹೂಗಳು ಸೋಕಿದೊಡನೆ ಮುದುಡಿಕೊಳ್ಳುವುದನ್ನು ಕಂಡು, ಇವು ಹೂಗಳಲ್ಲ, ಕೈಕಾಲಾಡಿಸುವ ಪ್ರಾಣಿಗಳು ಎಂದು ಬರೆದನು. ಪ್ಯಾರಿಸಿನ ಪಂಡಿತಸಭೆ ಇದನ್ನು ನಂಬಲಿಲ್ಲ. ರೆಯೋಮ್ಯೂರ್ ಎಂಬ ಮಹಾವಿದ್ವಾಂಸನು ಆ ಪ್ರಬಂಧವನ್ನು ಸಭೆಗೆ ತಿಳಿಸುವಾಗ, ಹುಡುಗನಿಗೆ ಅವಮಾನವಾಗದಿರಲೆಂಬ ದಯೆಯಿಂದ ಲೇಖಕನ ಹೆಸರನ್ನೇ ಮರೆಸಿಟ್ಟನಂತೆ! ಪಂಡಿತರ ದಯೆ ಕೆಲವು ವೇಳೆ ಇಷ್ಟು ಕಠೋರವಾಗಿರುವುದುಂಟು. ಸತ್ಯವು ಪೇಸೊನೆಲನ ಪಕ್ಷದಲ್ಲಿದೆಯೆಂದು ಒಪ್ಪಿಕೊಳ್ಳಲು ಆ ಸಭೆಗೆ ಮತ್ತೆ ಹದಿನೈದು ವರ್ಷಗಳು ಬೇಕಾದುವು. ಒಂದು ಪಾತ್ರೆ, ಅಷ್ಟು ಸಮುದ್ರಜಲ, ಒಂದಿಷ್ಟು ತಾಳ್ಮೆ. ಇಷ್ಟರಿಂದಲೇ ಸಾವಿರಾರು ವರ್ಷಗಳ ಸಂಶಯವು ತೀರಿತೆಂಬುದನ್ನು ಓದಿದಾಗ, ಅಂತಹದೊಂದು ಪಾತ್ರೆ ನಮ್ಮ ಮನೆಯಲ್ಲಿಯೂ ಇದ್ದರಾಗುತ್ತಿತ್ತೆಂದು ನನಗೆ ಅನಿಸಿತು.

ಆಸೆ ಹಾಗೆಯೇ ಉಳಿಯುತ್ತಿತ್ತೋ ಏನೋ. ಬೆಂಗಳೂರಿನಲ್ಲಿರುವ ನನ್ನ ಮೊಮ್ಮಗಳು ೨೦೨೩ರ ದಸರೆಯ ರಜೆಗೆ ಬಂದವಳು, ಯಾವುದೋ ಪುಸ್ತಕದಲ್ಲಿ ಹವಳದ ತೋಟದ ಚಿತ್ರವನ್ನು ಕಂಡು, "ಅಜ್ಜ, ಸಮುದ್ರ ಇಷ್ಟು ಹತ್ತಿರವಿದೆ, ಇದನ್ನೊಂದು ಮನೆಯಲ್ಲಿ ಮಾಡೋಣ" ಎಂದು ಹಟ ಹಿಡಿದಳು. ಮಾಡೋಣವೆಂದೆ. ಆಕೆ ಊರಿಗೆ ಮರಳಿದ ಮೇಲೆ ವಿಚಾರಣೆಗೆ ಆರಂಭಿಸಿದೆ. ದೊಡ್ಡ ಪಟ್ಟಣದ ವ್ಯಾಪಾರಿಯೊಬ್ಬನು ದೂರವಾಣಿಯಲ್ಲಿ, ಜೀವಂತ ಹವಳವನ್ನು ಮೂರು ದಿನದಲ್ಲಿ ಮನೆಬಾಗಿಲಿಗೆ ತಲುಪಿಸುವುದಾಗಿಯೂ, ಕಾಗದಪತ್ರಗಳ ಗೋಜಿಲ್ಲವೆಂದೂ ಬಲು ವಿನಯದಿಂದ ಹೇಳಿದನು. ಗೋಜಿಲ್ಲವೆಂಬ ಆ ಮಾತೇ ನನ್ನನ್ನು ಎಚ್ಚರಿಸಿತು. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಒಂದನೆಯ ಅನುಸೂಚಿಯಲ್ಲಿ ದಿಬ್ಬ ಕಟ್ಟುವ ಹವಳಗಳನ್ನೂ, ಕರಿಹವಳವನ್ನೂ, ಕಡಲ ಬೀಸಣಿಗೆಯೆಂದು ಕರೆಯಲ್ಪಡುವ ಜಾತಿಗಳನ್ನೂ ೨೦೦೧ರಲ್ಲಿಯೇ ಸೇರಿಸಲಾಗಿದೆ. ಆನೆಗೂ ಹುಲಿಗೂ ಇರುವ ರಕ್ಷಣೆಯೇ ಬೆರಳುದ್ದದ ಹವಳದ ತುಂಡಿಗೂ ಇದೆ. ಹುಲಿಯ ಮರಿಯನ್ನು ಮೂರು ದಿನದಲ್ಲಿ ತಲುಪಿಸುವೆನೆಂದು ಒಬ್ಬನು ಹೇಳಿದರೆ ನಾವು ಏನೆನ್ನುತ್ತೇವೆ?

ಕಾಯಿದೆಯ ಭಯವೊಂದೇ ನನ್ನನ್ನು ತಡೆದುದೆಂದು ವಾಚಕರು ತಿಳಿಯಬಾರದು. ಇಂಗ್ಲೆಂಡಿನ ಫಿಲಿಪ್ ಹೆನ್ರಿ ಗಾಸ್ ಎಂಬ ಸಾತ್ತ್ವಿಕ ವಿದ್ವಾಂಸನು ೧೮೫೪ರಲ್ಲಿ 'ಅಕ್ವೇರಿಯಂ' ಎಂಬ ಗ್ರಂಥವನ್ನು ಬರೆದು, ಕಡಲ ಜೀವಿಗಳನ್ನು ಮನೆಯಲ್ಲಿ ಸಾಕುವ ಬಗೆಯನ್ನು ಜನಕ್ಕೆ ಕಲಿಸಿದನು. ಸೃಷ್ಟಿಯ ಸೌಂದರ್ಯದಲ್ಲಿ ಸೃಷ್ಟಿಕರ್ತನನ್ನು ಕಾಣಬೇಕೆಂಬುದೇ ಆತನ ಉದ್ದೇಶ. ಆದರೆ ಗ್ರಂಥವನ್ನು ಓದಿದ ಶ್ರೀಮಂತರು ತಂಡತಂಡವಾಗಿ ಬುಟ್ಟಿಗಳನ್ನು ಹಿಡಿದು ಕಡಲತೀರಕ್ಕೆ ಧಾವಿಸಿದರು. ಅವನ ಮಗನಾದ ಎಡ್ಮಂಡ್ ಗಾಸ್ ೧೯೦೭ರಲ್ಲಿ ಪ್ರಕಟಿಸಿದ ತನ್ನ ಆತ್ಮವೃತ್ತಾಂತದಲ್ಲಿ, ತಾನು ಬಾಲ್ಯದಲ್ಲಿ ಕಂಡ ಬಂಡೆಗಳ ನಡುವಣ ಆ ಸುಂದರ ಕೊಳಗಳು ಹೀಗೆ ಬರಿದಾಗಿ ಹೋದುವೆಂದೂ, ಇದಕ್ಕೆ ತಾನೂ ಕಾರಣನಾದೆನೆಂದು ತಂದೆ ಬಹಳ ನೊಂದುಕೊಂಡನೆಂದೂ ಬರೆದಿದ್ದಾನೆ. ಪ್ರೀತಿಸುವವರ ಕೈಯಿಂದಲೇ ಲೂಟಿಯಾದ ತೀರವದು. ಇದನ್ನು ಓದಿದವನು ಮತ್ತೆ ಬುಟ್ಟಿಯನ್ನು ಹಿಡಿಯಲಾರ. ಆದುದರಿಂದ ನಮ್ಮ ತೊಟ್ಟಿಯಲ್ಲಿ ಹವಳವಿರುವುದಿಲ್ಲ, ತೀರದ ಬಂಡೆಯಿಂದ ಒಂದು ಕಲ್ಲನ್ನೂ ಕೀಳುವುದಿಲ್ಲ, ಉಳಿದುದನ್ನು ಮಾಡಬಹುದು ಎಂದು ನಿಶ್ಚಯಿಸಿದೆ. ಮಗುವಿಗೆ ಕೊಟ್ಟ ಮಾತು ಅರ್ಧವಾಯಿತೆಂಬ ಸಂಕಟ ಮಾತ್ರ ಒಳಗೆ ಉಳಿಯಿತು.

ಮೊದಲು ನೀರಿನ ವಿಚಾರ. ಉಪ್ಪಿನ ನೀರೆಂದರೆ ಸಮುದ್ರವೆಂದು ಬಹುಮಂದಿ ಭಾವಿಸುತ್ತಾರೆ. ನೆರೆಯ ಸಾಣಿಕಟ್ಟೆಯ ಉಪ್ಪು ನಮ್ಮ ಕಡೆ ಹೆಸರಾದುದು. ಅದನ್ನೇ ನಾಲ್ಕು ಕಿಲೋ ತಂದು ಬಾವಿಯ ನೀರಿನಲ್ಲಿ ಕದಡಿದರೆ ಸಾಲದೇ ಎಂದು ನನ್ನ ಗೃಹಿಣಿಯೇ ಕೇಳಿದಳು. ಸಾಲದು, ಅದರ ಕಾರಣ ಆ ಉಪ್ಪಿನ ಗದ್ದೆಯಲ್ಲಿಯೇ ಇದೆ. ಕಡಲ ನೀರು ಬಿಸಿಲಿಗೆ ಆರುತ್ತ ಬರುವಾಗ ಮೊದಲು ಸುಣ್ಣದ ಅಂಶ ತಳಕ್ಕಿಳಿಯುತ್ತದೆ; ಅನಂತರ ಜಿಪ್ಸಮ್; ಆ ಮೇಲೆ ನಾವು ಉಣ್ಣುವ ಉಪ್ಪು ಹರಳುಗಟ್ಟುತ್ತದೆ; ಕಟ್ಟಕಡೆಗೆ ಉಳಿಯುವ ಕಹಿನೀರಿನಲ್ಲಿ ಮೆಗ್ನೀಸಿಯಮ್ಮಿನ ಬಹುಪಾಲು ನಿಂತುಬಿಡುತ್ತದೆ, ಅದನ್ನು ಹೊರಕ್ಕೆ ಬಿಡುತ್ತಾರೆ. ಹೀಗೆ ನಮ್ಮ ಅಡಿಗೆಮನೆಗೆ ಬರುವ ಉಪ್ಪು ಸಮುದ್ರದ ಒಂದು ಅಂಗ ಮಾತ್ರ. ಒಂದು ಲೀಟರು ಸಮುದ್ರಜಲದಲ್ಲಿ ಸುಮಾರು ೩೫ ಗ್ರಾಂ ಲವಣಗಳು. ಅವುಗಳಲ್ಲಿ ಕ್ಯಾಲ್ಸಿಯಮ್ ೪೦೦ ಮಿಲಿಗ್ರಾಮಿನಷ್ಟು, ಮೆಗ್ನೀಸಿಯಮ್ ೧೩೦೦ ಮಿಲಿಗ್ರಾಮಿನಷ್ಟು. ಚಿಪ್ಪು ಕಟ್ಟುವ ಜೀವಿಗಳಿಗೆ ಇವಿಲ್ಲದೆ ನಡೆಯದು. ಸಮುದ್ರದಿಂದ ದೂರವಿರುವವರು ಇವೆಲ್ಲವನ್ನೂ ಹದವಾಗಿ ಬೆರೆಸಿದ ಲವಣದ ಪೊಟ್ಟಣವನ್ನು ಕೊಳ್ಳುತ್ತಾರೆ. ನಮಗೆ ಆ ವೆಚ್ಚವೇಕೆ?

ಆದರೆ ಕಡಲ ನೀರೂ ಎಲ್ಲೆಡೆಯಲ್ಲಿ, ಎಲ್ಲ ಕಾಲದಲ್ಲಿ ಒಂದೇ ಅಲ್ಲ. ಅಘನಾಶಿನಿಯ ಅಳಿವೆಯ ಬಳಿ ಮಳೆಗಾಲದಲ್ಲಿ ನೀರನ್ನು ತುಂಬಿದರೆ ಅದು ಕೆಸರು ಬೆರೆತ ಹೊಳೆಯೇ ಹೊರತು ಸಮುದ್ರವಲ್ಲ. ನನ್ನ ಹಳೆಯ ಶಿಷ್ಯನೊಬ್ಬನು ದೋಣಿಯಿಟ್ಟುಕೊಂಡು ಮೀನು ಹಿಡಿಯುತ್ತಾನೆ. ಶಬ್ದರೂಪಗಳಲ್ಲಿ ಒಂದನ್ನೂ ಆತನು ಸರಿಯಾಗಿ ಒಪ್ಪಿಸಿದುದು ನನಗೆ ನೆನಪಿಲ್ಲ. ಆದರೆ ನೀರಿನ ಬಣ್ಣವನ್ನು ನೋಡಿ ಹೊಳೆಯ ಸೆಳೆತ ಎಲ್ಲಿಯವರೆಗೆ ಬಂದಿದೆಯೆಂದು ಹೇಳಬಲ್ಲ. "ಮಾಸ್ತರೇ, ದಂಡೆ ನೀರು ಬ್ಯಾಡ, ನಾನು ಹೊರಗಿಂದ ತರ್ತೆ" ಎಂದು, ನವೆಂಬರಿನ ಕೊನೆಯಲ್ಲಿ ಆರು ಡಬ್ಬಗಳನ್ನು ತುಂಬಿ ತಂದಿಳಿಸಿದನು. ಹಾಲಿಗೆ ನೀರು ಬೆರೆತಿದೆಯೇ ಎಂದು ತೇಲಿಬಿಟ್ಟು ನೋಡುವ ಗಾಜಿನ ಕಡ್ಡಿಯಂತಹುದೇ ಒಂದು ಮಾಪಕ ಉಪ್ಪುನೀರಿಗೂ ಉಂಟು. ಸಿಹಿನೀರಿನಲ್ಲಿ ಅದು ೧.೦೦೦ ತೋರಿಸಿದರೆ ಒಳ್ಳೆಯ ಕಡಲ ನೀರಿನಲ್ಲಿ ೧.೦೨೫ರ ಸುತ್ತ ನಿಲ್ಲಬೇಕು. ಶಿಷ್ಯನ ನೀರು ಕೂದಲೆಳೆಯಷ್ಟೂ ತಪ್ಪದೆ ಅಲ್ಲಿಗೇ ನಿಂತಿತು. ಆ ದಿನ ಅವನಿಗೆ ಪೂರ್ಣಾಂಕಗಳನ್ನು ಕೊಟ್ಟೆ.

ಉಳಿದ ಸಾಮಗ್ರಿ ಅತ್ಯಲ್ಪ. ತುಂಬಿದ ತೊಟ್ಟಿ ನೂರೈವತ್ತು ಕಿಲೋವಿಗೂ ಮಿಕ್ಕಿ ತೂಗುವುದರಿಂದ, ತಂದೆಯವರ ಕಾಲದ ಹಲಸಿನ ಮರದ ಮಂಚವನ್ನು ಕುಗ್ಗಿಸಿ ಪೀಠ ಮಾಡಿಸಿದೆ. ತಳಕ್ಕೂ ಹಿಂಬದಿಗೂ ಸುಣ್ಣದ ಭಟ್ಟಿಗೆ ಹೋಗುವ ಅಘನಾಶಿನಿಯ ಹಳೆಯ ಬೆಳಚಿನ ಚಿಪ್ಪುಗಳನ್ನು ತರಿಸಿ, ನೀರಿನಲ್ಲಿ ಹದಿನೈದು ದಿನ ನೆನೆಸಿ, ಒಣಗಿಸಿ, ಒಂದರ ಮೇಲೊಂದು ಸಡಿಲವಾಗಿ ಪೇರಿಸಿದೆ. ಗಾಳಿಯ ಗುಳ್ಳೆಗಳನ್ನು ಬಿಡುವ ಸಣ್ಣ ಯಂತ್ರ ಒಂದು. ದಿನಕ್ಕೆ ಎಂಟು ಗಂಟೆ ಉರಿಯುವ ದೀಪ ಒಂದು. ಬೆಳಗ್ಗೆ ಪೂರ್ವದ ಕಿಟಕಿಯಿಂದ ಬರುವ ಬಿಸಿಲು ಕೇಳದೆ ಸಿಕ್ಕಿದ್ದು. ಇಷ್ಟೇ. ಇದಕ್ಕಿಂತ ಹೆಚ್ಚಿನ ಯಂತ್ರಗಳಿಲ್ಲದೆ ಸಮುದ್ರಜೀವಿಗಳು ಬದುಕವೆಂದು ಅಂಗಡಿಯವರು ಹೇಳುತ್ತಾರೆ. ಆದರೆ ಜಕಾರ್ತದ ಲೀ ಚಿನ್ ಎಂಗ್ ಎಂಬವರು ೧೯೬೧ರಲ್ಲಿಯೇ ಅಮೆರಿಕದ ಪತ್ರಿಕೆಯೊಂದರಲ್ಲಿ, ಸಹಜವಾದ ಕಡಲ ನೀರು, ಜೀವಜಾಲವು ಅಂಟಿಕೊಂಡಿರುವ ಕಲ್ಲು, ಮೆಲ್ಲನೆ ಏಳುವ ಗುಳ್ಳೆಗಳು, ಬಿಸಿಲು, ಇವಿಷ್ಟರಿಂದ ತಾವು ಮೀನುಗಳನ್ನೂ ಹವಳಗಳನ್ನೂ ಸಾಕುತ್ತಿರುವ ಕ್ರಮವನ್ನು ವಿವರಿಸಿದ್ದರು. ಪಾಶ್ಚಾತ್ಯರು ಬಹುಕಾಲ ಅದನ್ನು ಲಕ್ಷಿಸಲಿಲ್ಲ. ಜೀವಂತ ಕಲ್ಲಿನ ಮಹಿಮೆ ಅವರಿಗೆ ಮನದಟ್ಟಾಗಲು ಮತ್ತೆ ಎರಡು ಮೂರು ದಶಕಗಳು ಹಿಡಿದುವು. ನಮಗೆ ಜೀವಂತ ಕಲ್ಲು ವರ್ಜ್ಯವಷ್ಟೆ. ಅದಕ್ಕೆ ಬದಲಾಗಿ ಶಿಷ್ಯನು, ಬಲೆಯ ತೇಲುಗುಂಡಿಗೆ ಕಟ್ಟಿ ವರ್ಷಗಟ್ಟಲೆ ನೀರಿನಲ್ಲಿದ್ದು ಇನ್ನು ಎಸೆಯಬೇಕಾಗಿದ್ದ ಹಗ್ಗದ ಎರಡು ಮೊಳವನ್ನು ಒದ್ದೆಯಾಗಿಯೇ ತಂದುಕೊಟ್ಟನು. ಪಾಚಿಯೂ ಚಿಪ್ಪುಹುಳಗಳೂ ಹತ್ತಿಕೊಂಡು ತೋಳಿನಷ್ಟು ದಪ್ಪವಾಗಿದ್ದ ಆ ಹಗ್ಗವನ್ನು ಕಂಡು ಮನೆಯವರು ಮೂಗು ಮುಚ್ಚಿಕೊಂಡರು. ನಮ್ಮ ಸಮುದ್ರಕ್ಕೆ ಮೂಲಧನವಾದುದು ಅದೇ.

ಇನ್ನು ಕಾಯುವ ಕೆಲಸ. ನೀರಿನಲ್ಲಿ ಕೊಳೆತ ವಸ್ತುವಿನಿಂದ ಅಮೋನಿಯ ಹುಟ್ಟುತ್ತದೆ. ಮೀನಿಗೆ ಅದು ವಿಷ. ಒಂದು ಬಗೆಯ ಸೂಕ್ಷ್ಮಜೀವಿಗಳು ಅದನ್ನು ನೈಟ್ರೈಟಾಗಿ ಮಾರ್ಪಡಿಸುತ್ತವೆ, ಅದೂ ವಿಷವೇ. ಮತ್ತೊಂದು ಬಗೆಯವು ಅದನ್ನು ನೈಟ್ರೇಟಾಗಿ ಮಾಡುತ್ತವೆ. ಇದು ಬಹುಮಟ್ಟಿಗೆ ಸೌಮ್ಯವಾದುದು. ಚಿಪ್ಪುಗಳ ಒಳಸಂದುಗಳಲ್ಲಿ, ಪ್ರಾಣವಾಯು ಹೋಗದ ಕಡೆ, ಬೇರೆ ಕೆಲವು ಜೀವಿಗಳು ಅದನ್ನೂ ಒಡೆದು ಗಾಳಿಗೆ ಬಿಟ್ಟುಬಿಡುತ್ತವೆ. ರಷ್ಯದ ವಿನೊಗ್ರಾಡ್‌ಸ್ಕಿ ೧೮೯೦ರ ಹೊತ್ತಿಗೆ ಈ ಮೊದಲ ಎರಡು ಬಗೆಗಳನ್ನು ಬೇರ್ಪಡಿಸಿ ತೋರಿಸಿದನು. ಇವು ತೊಟ್ಟಿಯಲ್ಲಿ ಮನೆಮಾಡಿ ಹೆಚ್ಚುವುದಕ್ಕೆ ನಾಲ್ಕರಿಂದ ಆರು ವಾರಗಳು ಬೇಕು; ಅಲ್ಲಿಯವರೆಗೆ ಮೀನನ್ನು ಬಿಡಕೂಡದು. ಆ ಜೀವಿಗಳಿಗೆ ಗ್ರಾಸವಾಗಿ ಸಿಗಡಿಯ ತುಂಡೊಂದನ್ನು ಹಾಕಬೇಕೆಂದು ಪುಸ್ತಕಗಳು ಹೇಳುತ್ತವೆ. ನಮ್ಮದು ಮೀನು ಮುಟ್ಟದ ಮನೆತನ. ಮೂರು ತಲೆಮಾರಿನ ಜಗುಲಿಯಲ್ಲಿ ಸಿಗಡಿ ಕೊಳೆಯುವುದೆಂದರೆ ಅನಾಹುತವೇ ಸರಿ. ಮೀನಿನ ಆಹಾರದ ಪುಡಿಯನ್ನು ದಿನಕ್ಕೆ ಒಂದು ಚಿಟಿಕೆಯಂತೆ ಹಾಕಿ ಸಂಧಿ ಮಾಡಿಕೊಂಡೆವು. ಬಣ್ಣದ ಹನಿಗಳಿಂದ ನೀರನ್ನು ಪರೀಕ್ಷಿಸಿ ಗೋಡೆಯ ಪಂಚಾಂಗದ ಮೇಲೆ ಗುರುತಿಡುತ್ತ ಬಂದೆ. ಮಾರ್ಗಶಿರದಲ್ಲಿ ಅಮೋನಿಯ ಏರಿತು, ಇಳಿಯಿತು. ನೈಟ್ರೈಟು ಏರಿತು, ಅದೂ ಸಂಕ್ರಾಂತಿಯ ಹೊತ್ತಿಗೆ ಇಳಿಯಿತು. ಈ ಅವಧಿಯಲ್ಲಿ ಗಾಜು, ಚಿಪ್ಪು, ಎಲ್ಲದರ ಮೇಲೂ ಕಂದುಬಣ್ಣದ ಲೋಳೆ ಹರಡಿ, ನೋಡಬಂದ ನೆರೆಯವರು "ಹಾಳಾಯಿತಲ್ಲ" ಎಂದು ಮರುಗಿ ಹೋದರು. ಅದು ಹಾಳಾಗುವುದಲ್ಲ, ಹದವಾಗುವುದು.

ಅನಂತರ ಬಂದರು ಕರೆಯದ ಅತಿಥಿಗಳು. ಒಂದು ಸಂಜೆ ಗಾಜಿಗೆ ಭೂತಕನ್ನಡಿ ಹಿಡಿದಾಗ, ಸಾಸಿವೆಯ ಕಾಲುಭಾಗದಷ್ಟಿರುವ ಬಿಳಿಯ ಜೀವಗಳು ನೂರಾರು ಸಂಖ್ಯೆಯಲ್ಲಿ ಕುಪ್ಪಳಿಸುತ್ತಿರುವುದು ಕಂಡಿತು. ಹಗ್ಗದ ಗಂಟಿನಿಂದ ನಯವಾದ ಬೀಸಣಿಗೆಯೊಂದು ಹೊರಚಾಚಿ, ನನ್ನ ನೆರಳು ಬಿದ್ದೊಡನೆ ಕೊಳವೆಯೊಳಕ್ಕೆ ಅಡಗಿಕೊಂಡಿತು. ಬಾರ್ನಕಲ್ ಎಂಬ ಚಿಪ್ಪುಜೀವಿ ಬಂಡೆಗಳ ಮೇಲೆ ಒರಟು ಮೊಳೆಯಂತೆ ಅಂಟಿರುವುದನ್ನು ಕಂಡು ಬಲ್ಲೆ. ಆದರೆ ಅದು ತನ್ನ ಬಾಗಿಲನ್ನು ತೆರೆದು ಗರಿಯಂತಹ ಕಾಲುಗಳಿಂದ ನೀರನ್ನು ಬಾಚಿಬಾಚಿ ಉಣ್ಣುವುದನ್ನು ಅರುವತ್ತು ವರ್ಷ ಕಡಲ ಬದಿಯಲ್ಲಿದ್ದೂ ನೋಡಿರಲಿಲ್ಲ. ಎರಡು ಗೋಳಿಗುಂಡಿನಷ್ಟು ಅಗಲದ ಕಂದು ಕಡಲಹೂವೊಂದು ಯಾವಾಗ ಬಂದಿತೋ ತಿಳಿಯದು. ಹಿಂಬದಿಯ ಚಿಪ್ಪಿನ ಮೇಲೆ ತಳವೂರಿತು. ಇದು ಹವಳದ ದಾಯಾದಿ. ಮೈಯ ಕಟ್ಟೂ ಎಸಳುಗಳೂ ಒಂದೇ ಬಗೆಯವು. ಕಲ್ಲಿನ ಮನೆಯನ್ನು ಕಟ್ಟುವುದಿಲ್ಲ, ಅಷ್ಟೆ. ಕಡ್ಡಿಯ ತುದಿಯಿಂದ ಮೆಲ್ಲನೆ ಸೋಕಿದೆ. ಎಸಳುಗಳು ಮುದುಡಿದುವು. ಪೇಸೊನೆಲನ ಸಂತೋಷ ನನಗೆ ಅರ್ಥವಾಯಿತು.

ಫಾಲ್ಗುಣದಲ್ಲಿ ಎರಡು ಕ್ಲೌನ್ ಮೀನುಗಳನ್ನು ತಂದೆ. ಕಿತ್ತಳೆ ಮೈಗೆ ಬಿಳಿಯ ಪಟ್ಟೆಗಳು. ಸಮುದ್ರದಲ್ಲಿ ಹಿಡಿದುವಲ್ಲ, ತೊಟ್ಟಿಯಲ್ಲಿಯೇ ಮರಿಯಾದುವು. ಇವುಗಳನ್ನು ಮರಿಮಾಡಿಸುವ ವಿದ್ಯೆಯನ್ನು ನಮ್ಮ ಕೇಂದ್ರೀಯ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು ಸಾಧಿಸಿದ್ದಾರೆ. ಈ ಜಾತಿಯಲ್ಲಿ ಎಲ್ಲವೂ ಗಂಡಾಗಿಯೇ ಬೆಳೆಯುತ್ತವೆ. ಗುಂಪಿನಲ್ಲಿ ಬಲಿಷ್ಠವಾದುದು ಹೆಣ್ಣಾಗುತ್ತದೆ. ಅದು ಸತ್ತರೆ ಅದರ ಗಂಡನೇ ಹೆಣ್ಣಾಗಿ ಅಧಿಕಾರವನ್ನು ವಹಿಸಿಕೊಳ್ಳುತ್ತದೆ. ಇಲೆಯಾಗಿ ಮಾರ್ಪಟ್ಟ ಸುದ್ಯುಮ್ನ ಮಹಾರಾಜನ ಕಥೆಯನ್ನು ಕೇಳಿ ಹಿಂದೆ ನಗುತ್ತಿದ್ದ ವಿದ್ಯಾರ್ಥಿಗಳನ್ನು ಈಗ ಕರೆದು ತೋರಿಸಬೇಕೆನಿಸುತ್ತದೆ. "ಈ ಮನೆಗೆ ಮೀನು ಬಂದದ್ದು ಇದೇ ಮೊದಲು, ಅದೂ ಸೆರೆಯಾಳಾಗಿ ಬಂತು" ಎಂದು ನನ್ನ ಸಹಧರ್ಮಿಣಿ ನುಡಿದಳು. ಇದಕ್ಕೆ ನಾನು ಕೊಟ್ಟ ಸಮಾಧಾನಗಳಾವುವೂ ಆಕೆಗೆ ಒಪ್ಪಿಗೆಯಾಗಲಿಲ್ಲ. ತೊಟ್ಟಿಯಲ್ಲಿ ಹುಟ್ಟಿದ ಮೀನಿಗೆ ತೊಟ್ಟಿಯೇ ಲೋಕವೆಂದರೆ, "ಪಂಜರದಲ್ಲಿ ಹುಟ್ಟಿದ ಗಿಳಿಗೂ ರೆಕ್ಕೆ ಇರುತ್ತದೆ" ಎಂದಳು. ಆ ಪ್ರಶ್ನೆಗೆ ಇಂದಿಗೂ ನನ್ನಲ್ಲಿ ಉತ್ತರವಿಲ್ಲ. ಒಂದು ಜೀವವನ್ನು ನಮ್ಮ ಹೊಣೆಗೆ ತೆಗೆದುಕೊಂಡ ಮೇಲೆ ಆ ಹೊಣೆಯನ್ನು ಪೂರ್ತಿಯಾಗಿ ಹೊರಬೇಕೆಂಬಷ್ಟರಲ್ಲಿ ಮಾತ್ರ ನಮ್ಮಿಬ್ಬರಿಗೂ ಭೇದವಿರಲಿಲ್ಲ.

ಅದರ ಪರೀಕ್ಷೆ ೨೦೨೪ರ ಆಷಾಢದಲ್ಲಿ ಬಂದಿತು. ಗಾಳಿಮಳೆಗೆ ಮರಗಳುರುಳಿ ಎರಡು ರಾತ್ರಿ ಮೂರು ಹಗಲು ವಿದ್ಯುತ್ತಿರಲಿಲ್ಲ. ಗುಳ್ಳೆಯ ಯಂತ್ರಕ್ಕೆ ಜೋಡಿಸಿದ್ದ ಬ್ಯಾಟರಿ ಮೊದಲನೆಯ ನಡುರಾತ್ರಿಗೆ ಬರಿದಾಯಿತು. ನೀರು ನಿಶ್ಚಲವಾದೊಡನೆ ಅದರೊಳಗಣ ಪ್ರಾಣವಾಯು ಕುಂದುತ್ತದೆ. ಮೀನುಗಳೆರಡೂ ಮೇಲ್ಮಟ್ಟಕ್ಕೆ ಬಂದು ಬಾಯಿ ತೆರೆಯತೊಡಗಿದುವು. ಆಗ ನನಗೆ ನೆನಪಾದುದು ಅನ್ನಾ ಥಿನ್ ಎಂಬ ಇಂಗ್ಲಿಷ್ ಗೃಹಿಣಿ. ಆಕೆ ೧೮೪೬ರಲ್ಲಿ ಟಾರ್ಕಿ ಎಂಬ ಕಡಲೂರಿನಿಂದ ಕೆಲವು ಸಣ್ಣ ಹವಳಗಳನ್ನು ಲಂಡನ್ನಿಗೆ ಒಯ್ದು, ಹೊಸ ಸಮುದ್ರಜಲ ದೊರೆಯದಾಗ, ಇದ್ದ ನೀರನ್ನೇ ತೆರೆದ ಕಿಟಕಿಯ ಬಳಿ ಪಾತ್ರೆಯಿಂದ ಪಾತ್ರೆಗೆ ಸುರಿಸುರಿದು ಗಾಳಿ ಸೇರಿಸಿ ಅವುಗಳನ್ನು ಬದುಕಿಸಿದಳು. ಮರುವರ್ಷ ಕಡಲ ಪಾಚಿಯನ್ನೂ ಸೇರಿಸಿ, ಸಮುದ್ರದ ತೊಟ್ಟಿಯೊಂದು ತನ್ನನ್ನು ತಾನೇ ಪೋಷಿಸಿಕೊಳ್ಳುವಂತೆ ಮಾಡಿದಳು. ನಾನು ಲಾಟೀನು ಹೊತ್ತಿಸಿ, ತಂಬಿಗೆಯಿಂದ ನೀರನ್ನು ಮೊಗೆದು ಒಂದಡಿ ಮೇಲಿನಿಂದ ಸುರಿಯತೊಡಗಿದೆ. ಕಾಲುಗಂಟೆ ಸುರಿಯುವುದು, ಕಾಲುಗಂಟೆ ಕೂರುವುದು. ಎರಡು ಗಂಟೆಯ ಹೊತ್ತಿಗೆ ತೋಳು ಏಳದಾಯಿತು. ಯಾವಾಗ ಎದ್ದು ಬಂದಳೋ ನನ್ನಾಕೆ, "ನೀವು ಒರಗಿಕೊಳ್ಳಿ" ಎಂದು ತಂಬಿಗೆಯನ್ನು ಕೈಯಿಂದ ತೆಗೆದುಕೊಂಡಳು. ಬೆಳಗಿನ ಜಾವದವರೆಗೆ, ಅಭಿಷೇಕ ಮಾಡುವವಳಂತೆ, ಒಂದೇ ಹದದಲ್ಲಿ ಸುರಿಯುತ್ತಿದ್ದಳು. ಎರಡನೆಯ ರಾತ್ರಿಯೂ ಹೀಗೆಯೇ ಪಾಳಿ. ಬೀಸಣಿಗೆಹುಳವೊಂದು ಸತ್ತಿತು; ಮೀನುಗಳು ಉಳಿದುವು.

ಮಳೆಗಿಂತ ಬೇಸಿಗೆಯೇ ದೊಡ್ಡ ಶತ್ರು. ಆ ವರ್ಷದ ಏಪ್ರಿಲಿನಲ್ಲಿ ನೀರು ೩೧ ಡಿಗ್ರಿಯನ್ನು ದಾಟಲು ಹವಣಿಸಿದಾಗ ಬೀಸಣಿಗೆಯ ಗಾಳಿಯನ್ನು ನೀರಿನ ಮೇಲಕ್ಕೆ ತಿರುಗಿಸಿ ಎರಡು ಡಿಗ್ರಿ ಇಳಿಸಿದೆ. ಹೀಗೆ ಆರಿಹೋಗುವ ನೀರಿಗೆ ಬದಲು ಸಿಹಿನೀರನ್ನೇ ತುಂಬಬೇಕು. ಏಕೆಂದರೆ ಹೋದುದು ನೀರು ಮಾತ್ರ, ಉಪ್ಪು ಅಲ್ಲಿಯೇ ಇದೆ. ನನ್ನ ಸಮುದ್ರಕ್ಕಾದರೋ ಬೀಸಣಿಗೆಯುಂಟು. ಅದೇ ತಿಂಗಳಿನಲ್ಲಿ, ಜಗತ್ತಿನಾದ್ಯಂತ ಹವಳಗಳು ಬಿಳಿಚುತ್ತಿವೆಯೆಂದೂ, ಇದು ಇಂತಹ ನಾಲ್ಕನೆಯ ಜಾಗತಿಕ ವಿಪತ್ತೆಂದೂ ವಿಜ್ಞಾನಿಗಳು ಸಾರಿದರು. ಹವಳದ ಮೈಯೊಳಗೆ ಸೂಕ್ಷ್ಮವಾದ ಪಾಚಿಜೀವಿಗಳು ನೆಲಸಿ, ಬಿಸಿಲಿನಿಂದ ಅನ್ನವನ್ನು ಮಾಡಿ ಅದಕ್ಕೆ ಉಣಿಸುತ್ತವೆ. ವಿದ್ರುಮವೆಂದು ಕರೆದವರು ಪೂರ್ತಿ ತಪ್ಪಿರಲಿಲ್ಲವೆಂದಾಯಿತು; ಪ್ರಾಣಿಯ ಒಳಗೇ ಒಂದು ತೋಟವುಂಟು. ನೀರು ಬೇಸಿಗೆಯ ರೂಢಿಗಿಂತ ಒಂದು ಡಿಗ್ರಿಯಷ್ಟು ಹೆಚ್ಚಾಗಿ ಕೆಲವು ವಾರ ನಿಂತರೆ ಈ ಸಹವಾಸ ಮುರಿದು, ಹವಳ ಬಿಳಿಚಿ, ಉಪವಾಸ ಬೀಳುತ್ತದೆ. ಲಕ್ಷದ್ವೀಪದಲ್ಲಿ ೧೯೯೮ರಲ್ಲಿ, ೨೦೧೦ರಲ್ಲಿ, ೨೦೧೬ರಲ್ಲಿ, ಮತ್ತೆ ೨೦೨೪ರಲ್ಲಿ ಹೀಗಾಯಿತು. ಆ ದ್ವೀಪಗಳಲ್ಲಿ ಅಮೀನಿ, ಕಡಮತ್, ಕಿಲ್ತಾನ್ ಮೊದಲಾದುವು ೧೯೫೬ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. ದೂರದವರ ಮನೆಯ ಸುದ್ದಿಯೇನಲ್ಲ.

ಕಾಡಿನಲ್ಲಿ ಉಳಿಯದ ಪ್ರಾಣಿಯನ್ನು ಮೃಗಾಲಯದಲ್ಲಾದರೂ ಉಳಿಸುವಂತೆ, ಹವಳವನ್ನು ತೊಟ್ಟಿಗಳಲ್ಲಿ ಸಾಕಿ ಉಳಿಸಬೇಕೆಂದು ಈಗ ಕೆಲವರು ವಾದಿಸುತ್ತಾರೆ. ವಾದದಲ್ಲಿ ಹುರುಳಿಲ್ಲದೆ ಇಲ್ಲ. ಆದರೆ ಅದು ವಿದ್ಯಾಸಂಸ್ಥೆಗಳು ಹೊರಬೇಕಾದ ಹೊರೆ. ಜಗುಲಿಯ ವಿನೋದಕ್ಕೆ ಆ ದೊಡ್ಡ ಹೆಸರನ್ನು ಹೊದಿಸುವುದು ನನಗೆ ಒಪ್ಪಿಗೆಯಿಲ್ಲ.

ಕಳೆದ ರಜೆಗೆ ಮೊಮ್ಮಗಳು ಬಂದಳು. ಚೀಲವನ್ನಿಳಿಸುವ ಮೊದಲೇ ತೊಟ್ಟಿಯ ಮುಂದೆ ಕುಳಿತು, "ಅಜ್ಜ, ಹವಳ ಎಲ್ಲಿ?" ಎಂದಳು. ವ್ಯಾಪಾರಿಯ ಸಂಗತಿ, ಗಾಸನ ಕೊಳಗಳ ಕಥೆ, ಎಲ್ಲವನ್ನೂ ಹೇಳಿದೆ. ಬಹಳ ಹೊತ್ತು ಮಾತಿಲ್ಲ. ಅವಳಿಗೆ ಬೇಸರವಾಗಿತ್ತೆಂಬುದರಲ್ಲಿ ಸಂಶಯವಿಲ್ಲ; ನಾನು ಅದನ್ನು ತೊಡೆಯಲು ಯತ್ನಿಸಲಿಲ್ಲ. ಕೊನೆಗೆ ಒಂದು ಚಿಪ್ಪಿನ ಮೇಲೆ ಕುಂಕುಮದ ಬೊಟ್ಟಿನಂತಹ ಕೆಂಗಪ್ಪು ಕಲೆಯನ್ನು ತಾನಾಗಿಯೇ ಕಂಡು ಅದೇನೆಂದು ಕೇಳಿದಳು. ಅದು ಸುಣ್ಣದ ಪಾಚಿ; ತಾನೇ ಸುಣ್ಣವನ್ನು ಕಟ್ಟಿಕೊಂಡು ಕಲ್ಲಿನಂತೆ ಗಟ್ಟಿಯಾಗುವ ಗಿಡ; ನಿಜವಾದ ಹವಳದ ದಿಬ್ಬಗಳಲ್ಲಿ ತುಂಡುಗಳನ್ನು ಬೆಸೆಯುವ ಗಾರೆಯ ಕೆಲಸ ಇದರದೇ. ನಾವು ತಂದುದಲ್ಲ, ನೀರಿನೊಡನೆ ಬಂದು ಹತ್ತಿಕೊಂಡಿದೆ ಎಂದೆ. ಹುಡುಗಿ ಅಳತೆಪಟ್ಟಿಯನ್ನು ಗಾಜಿಗೆ ಹಿಡಿದು ಬರೆದುಕೊಂಡಳು: ಹನ್ನೊಂದು ಮಿಲಿಮೀಟರು. ಮುರ್ಡೇಶ್ವರದಿಂದ ಹತ್ತೊಂಬತ್ತು ಕಿಲೋಮೀಟರಿನಷ್ಟು ಒಳಗೆ ನೇತ್ರಾಣಿಯ ಬುಡದಲ್ಲಿ ಹವಳಗಳಿವೆಯೆಂದೂ, ಈಜು ಚೆನ್ನಾಗಿ ಕಲಿತರೆ ಒಂದು ದಿನ ಅಲ್ಲಿಗೇ ಹೋಗಿ ನೋಡಬಹುದೆಂದೂ ತಿಳಿಸಿದೆ. ಈಗ ಬೆಂಗಳೂರಿನಲ್ಲಿ ಈಜಿನ ಪಾಠಕ್ಕೆ ಹೋಗುತ್ತಿದ್ದಾಳಂತೆ. ವಾರಕ್ಕೊಮ್ಮೆ ದೂರವಾಣಿಯಲ್ಲಿ ಆ ಕೆಂಪು ಬೊಟ್ಟಿನ ಅಳತೆಯನ್ನು ಕೇಳುತ್ತಾಳೆ. ನಿನ್ನೆಗೆ ಹದಿನಾಲ್ಕಾಗಿತ್ತು. ತೊಟ್ಟಿಯ ನೀರಿನ ಹತ್ತರಲ್ಲೊಂದು ಪಾಲನ್ನು ಬದಲಿಸುವ ದಿನ ಹತ್ತಿರ ಬಂದಿದೆ. ಶಿಷ್ಯನ ದೋಣಿ ಗುರುವಾರ ಹೊರಡುತ್ತದೆ, ಡಬ್ಬಗಳನ್ನು ತೊಳೆದಿಟ್ಟಿದ್ದೇನೆ.